ಓರೆತಲದ ನಿಯಮವೂ ಸ್ಟೆವಿನನ ಸರವೂ

ನುಣುಪಾದ ಓರೆತಲದ ಮೇಲಿಟ್ಟ ಭಾರವು ಜಾರದಂತೆ ತಡೆಯಲು ಎಷ್ಟು ಬಲವು ಬೇಕು? 4ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾಪಸನು ಹೇಳಿದ ಉತ್ತರವು ತಪ್ಪು. ಸಮತಲದ ಮೇಲೆ ಭಾರವನ್ನು ಸರಿಸುವುದಕ್ಕೂ ಒಂದು ನಿಯತ ಬಲವು ಬೇಕೆಂದು ಆತನು ಮೊದಲೇ ಅಂಗೀಕರಿಸಿದ್ದನು. 13ನೆಯ ಶತಮಾನದ ಜೋರ್ಡಾನಸನ ಹೆಸರಿನಲ್ಲಿ ನಡೆದುಬಂದ ಲ್ಯಾಟಿನ್ ಗ್ರಂಥದಲ್ಲಿ ಸರಿಯಾದ ನಿಯಮವೇ ಇದೆ. ಆದುದರಿಂದ ಬ್ರೂಜ್ ನಗರದ ಸೈಮನ್ ಸ್ಟೆವಿನನೇ ಅದನ್ನು ಮೊದಲು ಕಂಡನೆಂಬ ಮಾತು ನಿಲ್ಲದು.

ಆದರೂ ಆತನ ಕೀರ್ತಿಗೆ ಊನವಿಲ್ಲ, ಅದು ಉಪಪತ್ತಿಯಲ್ಲಿದೆ. 1586ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಡಚ್ಚು ಭಾಷೆಯ ಗ್ರಂಥದಲ್ಲಿ ಆತನು ಒಂದು ತ್ರಿಕೋಣವನ್ನು ಕಲ್ಪಿಸಿದನು. ಅದರ ಒಂದು ಓರೆಯು ಮತ್ತೊಂದರ ಇಮ್ಮಡಿ. ಅದಕ್ಕೆ 14 ಸಮಾನ ಗುಂಡುಗಳ ಸರವನ್ನು ತೊಡಿಸಿದರೆ ಉದ್ದವಾದ ಓರೆಯ ಮೇಲೆ 4, ಗಿಡ್ಡದರ ಮೇಲೆ 2, ಕೆಳಗೆ ತೂಗುವುವು 8. ಸರವು ಜಾರುವುದಾದರೆ ಒಂದು ಗುಂಡಿನ ಸ್ಥಾನಕ್ಕೆ ಮತ್ತೊಂದು ಬಂದು ಸ್ಥಿತಿಯು ಮೊದಲಿನಂತೆಯೇ ಆಗುವುದು. ಜಾರುವಿಕೆಗೆ ಕೊನೆಯೇ ಇರದು. ಅದು ಅಸಂಭವ, ಆದುದರಿಂದ ಸರವು ನಿಶ್ಚಲ. ತೂಗುವ 8 ಗುಂಡುಗಳು ಎರಡು ಕಡೆಗೂ ಸಮವಾಗಿ ಎಳೆಯುವುದರಿಂದ ಅವನ್ನು ತೆಗೆದರೂ 2 ಗುಂಡುಗಳು 4ನ್ನು ತಡೆದು ನಿಲ್ಲುವುವು. ಅಂದರೆ ಭಾರಗಳಿಗೆ ಓರೆಗಳ ಉದ್ದದ ಅನುಪಾತವೇ ಇದ್ದಲ್ಲಿ ಸಮತೋಲ.

ನಮ್ಮ ನೈಯಾಯಿಕರು ಇದನ್ನು ಅನಿಷ್ಟಪ್ರಸಂಗರೂಪವಾದ ತರ್ಕವೆನ್ನುವರು. ತರ್ಕವು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಅನುಗ್ರಾಹಕ. ಇಲ್ಲಿಯ ಪ್ರಮಾಣವು, ಭಾರವಾದ ಸರವು ತಾನಾಗಿ ಎಂದೆಂದಿಗೂ ಸುತ್ತುವುದನ್ನು ಯಾರೂ ಕಂಡಿಲ್ಲವೆಂಬ ಲೋಕಾನುಭವ. ಸ್ಟೆವಿನನು ಅದನ್ನು ಸಾಧಿಸಲಿಲ್ಲ, ಅಂಗೀಕರಿಸಿದನು.