ಗುಹ್ಯರೋಗ ನಿವಾರಣೆಗೆ ಸರಕಾರದ ಧನ: ಇಂಗ್ಲೆಂಡಿನ 1916ರ ಅನುದಾನ ವ್ಯವಸ್ಥೆ

ಗುಹ್ಯರೋಗಗಳ ನಿವಾರಣೆಗೆ ಸರಕಾರವು ಹಣ ವೆಚ್ಚಮಾಡುವಾಗ ಚರಿತ್ರಕಾರನು ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟು ಹಣ, ಯಾವ ನಿಬಂಧನೆಯ ಮೇಲೆ? ಎರಡನೆಯ ಪ್ರಶ್ನೆಯೇ ಹೆಚ್ಚು ಮಹತ್ವದ್ದೆಂಬುದನ್ನು ಇಂಗ್ಲೆಂಡಿನ ನಿದರ್ಶನದಿಂದ ತೋರಿಸುವುದು ನಮ್ಮ ಉದ್ದೇಶ.

1864, 1866 ಮತ್ತು 1869ರಲ್ಲಿ ಅಲ್ಲಿನ ಪಾರ್ಲಿಮೆಂಟು ಸಾಂಕ್ರಾಮಿಕ ರೋಗಗಳ ಕಾಯಿದೆಗಳನ್ನು ಮಾಡಿತು. ದಂಡು ಮತ್ತು ನೌಕಾದಳಗಳಿದ್ದ ಊರುಗಳಲ್ಲಿ ಪೋಲೀಸರು ವೇಶ್ಯೆಯರೆಂದು ಶಂಕಿಸಿದ ಸ್ತ್ರೀಯರನ್ನು ಬಲವಂತದ ಪರೀಕ್ಷೆಗೆ ಗುರಿಪಡಿಸಬಹುದಾಗಿತ್ತು; ರೋಗವಿದ್ದವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕಬಹುದಾಗಿತ್ತು. ಆಸ್ಪತ್ರೆಯ ವೆಚ್ಚ ಸೇನಾ ಇಲಾಖೆಗಳದು. ಪುರುಷರಿಗೆ ಈ ಕಾಯಿದೆಗಳಲ್ಲಿ ಪರೀಕ್ಷೆಯೇ ಇರಲಿಲ್ಲ. ಆದುದರಿಂದ ಅವರ ಮೂಲಕ ರೋಗ ಹರಡುವುದನ್ನು ತಡೆಯುವ ಉಪಾಯವೂ ಇರಲಿಲ್ಲ. ಭಾರತದಲ್ಲಿಯೂ 1868ರಲ್ಲಿ ಇಂಥದೇ ಕಾಯಿದೆ ಬಂದಿತು. ಜೋಸೆಫೀನ್ ಬಟ್ಲರ್ ಮೊದಲಾದವರ ದೀರ್ಘ ಚಳವಳಿಯ ಫಲವಾಗಿ ಇಂಗ್ಲೆಂಡಿನ ಕಾಯಿದೆಗಳು 1886ರಲ್ಲಿ ರದ್ದಾದವು. ಭಾರತದ ಕಾಯಿದೆ 1888ರಲ್ಲಿ ರದ್ದಾಯಿತು.

ಮುಂದೆ ವೈದ್ಯಶಾಸ್ತ್ರ ಬೆಳೆಯಿತು. ಪರಂಗಿ ರೋಗವೆನಿಸಿದ ಸಿಫಿಲಿಸನ್ನು ರಕ್ತದಲ್ಲಿ ಪತ್ತೆಹಚ್ಚುವ ವಾಸರ್‌ಮನ್ ಪರೀಕ್ಷೆ 1906ರಲ್ಲಿಯೂ ಸಾಲ್ವರ್ಸನ್ ಔಷಧ 1910ರಲ್ಲಿಯೂ ಬಳಕೆಗೆ ಬಂದವು. 1913ರಲ್ಲಿ ಒಂದು ರಾಜಕೀಯ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷರಾದ ಲಾರ್ಡ್ ಸಿಡೆನ್‌ಹ್ಯಾಮ್ ಅದೇ ವರ್ಷದವರೆಗೆ ಮುಂಬಯಿ ಪ್ರಾಂತದ ಗವರ್ನರಾಗಿದ್ದವರು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅವರ ಆಡಳಿತಕ್ಕೆ ಸೇರಿದ್ದವು. ದೊಡ್ಡ ನಗರಗಳಲ್ಲಿ ನೂರಕ್ಕೆ 10ಕ್ಕೆ ಕಡಮೆಯಿಲ್ಲದ ಜನರಿಗೆ ಸಿಫಿಲಿಸ್ ತಗುಲಿದೆಯೆಂದು ಆಯೋಗವು 1916ರ ವರದಿಯಲ್ಲಿ ಅಂದಾಜು ಮಾಡಿತು.

ಅದೇ ವರ್ಷ ಹೊರಟ ನಿಯಮಗಳು ಕೌಂಟಿ ಮತ್ತು ದೊಡ್ಡ ಪಟ್ಟಣಗಳ ಸ್ಥಳೀಯ ಸಭೆಗಳಿಗೆ ಹೊಣೆ ವಹಿಸಿದವು. ಅಂಗೀಕೃತ ಯೋಜನೆಯ ವೆಚ್ಚದಲ್ಲಿ ನೂರಕ್ಕೆ 75 ಭಾಗವನ್ನು ಕೇಂದ್ರದ ಬೊಕ್ಕಸ ಕೊಡುತ್ತಿತ್ತು. ಸ್ಥಳೀಯ ತೆರಿಗೆಯ ಮೇಲೆ ಬೀಳುತ್ತಿದ್ದುದು 25 ಭಾಗ ಮಾತ್ರ. ಇದಕ್ಕೆ ಪ್ರತಿಯಾಗಿ ಚಿಕಿತ್ಸೆ ಉಚಿತವಾಗಿರಬೇಕು, ರೋಗಿಯ ವಿಷಯ ಗುಟ್ಟಾಗಿರಬೇಕು, ಬೇರೆ ಊರಿನವನೆಂದು ಯಾರನ್ನೂ ಹಿಂದಕ್ಕೆ ಕಳುಹಿಸಬಾರದು. ಈ ಕೊನೆಯ ನಿಬಂಧನೆಯ ಜಾಣ್ಮೆಯನ್ನು ಗಮನಿಸಬೇಕು: ತನ್ನೂರಿನಲ್ಲಿ ಗುರುತು ಸಿಕ್ಕೀತೆಂದು ಅಂಜುವವನು ಪಕ್ಕದೂರಿಗೆ ಹೋಗಬಹುದಾಗಿತ್ತು. 1917ರ ಕಾಯಿದೆ ನಕಲಿ ವೈದ್ಯರ ಚಿಕಿತ್ಸೆಯನ್ನೂ ಜಾಹೀರಾತನ್ನೂ ನಿಷೇಧಿಸಿತು.

ಹಿಂದಿನ ಹಣ ರೋಗಿಯನ್ನು ಹಿಡಿದು ತರಲು ವಿನಿಯೋಗವಾಯಿತು; ಈ ಹಣ ರೋಗಿಯು ತಾನಾಗಿ ಬರುವಂತೆ ಮಾಡಿತು. ಆದರೆ ನಿಬಂಧನೆ ಬಾಳಬೇಕಾದರೆ ಅದರ ಹಿಂದೆ ಧನವೂ ಇರಬೇಕು. 1929ರ ಕಾಯಿದೆ ಈ ಪ್ರತ್ಯೇಕ ಅನುದಾನವನ್ನು ತೆಗೆದು ಒಟ್ಟು ಅನುದಾನದಲ್ಲಿ ಸೇರಿಸಿತು. 2013ರಲ್ಲಿ ಇಂಗ್ಲೆಂಡಿನ ಸ್ಥಳೀಯ ಸಭೆಗಳಿಗೆ ಈ ಹೊಣೆ ಮರಳಿ ಬಂದಿತು. ಯಾರಿಗೂ ಬಾಗಿಲು ಮುಚ್ಚಬಾರದೆಂಬ ನಿಯಮವೂ ಜೊತೆಗೆ ಬಂದಿತು. 2015ರಲ್ಲಿ ಸರಕಾರವು ಸಾರ್ವಜನಿಕ ಆರೋಗ್ಯದ ಅನುದಾನದಿಂದ 20 ಕೋಟಿ ಪೌಂಡುಗಳನ್ನು ವರ್ಷದ ನಡುವೆಯೇ ಕಡಿತ ಮಾಡಿತು. ಹೊಣೆ ಹಾಗೆಯೇ ಉಳಿದು ಹಣ ಇಳಿದಾಗ, ತೆರೆದ ಬಾಗಿಲಿನ ಮುಂದೆ ರೋಗಿಯು ಕಾಯಬೇಕಾಗುತ್ತದೆ; ರೋಗವಾದರೋ ಕಾಯುವುದಿಲ್ಲ.