ನಡೆಯದ ಯುದ್ಧ ಮತ್ತು ಬೆಂಗಳೂರಿನ ಕಂಪನಿಗಳು



ನಡೆಯದ ಯುದ್ಧಗಳಿಗೆ ಪಠ್ಯಪುಸ್ತಕಗಳಲ್ಲಿ ಅಧ್ಯಾಯವಿರುವುದಿಲ್ಲ. ಆದರೂ ಅಂಥದೊಂದರ ಕುರಿತು ಬರೆಯಬೇಕೆಂದು ಬಹುದಿನಗಳಿಂದ ಅನ್ನಿಸಿತ್ತು. ನಿಮ್ಮಲ್ಲಿ ಹಲವರು ಆಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಿರಿ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆದ ತರುವಾಯ ಭಾರತ, ಪಾಕಿಸ್ತಾನಗಳೆರಡೂ ಗಡಿಗೆ ಸೈನ್ಯವನ್ನು ತಂದು ನಿಲ್ಲಿಸಿದವು. 2002ರ ಮೇ 14ರಂದು ಜಮ್ಮುವಿನ ಬಳಿಯ ಕಾಲೂಚಕ್‌ನಲ್ಲಿ ಸೈನಿಕರ ಕುಟುಂಬದವರ ಹತ್ಯೆಯಾದಾಗ ಯುದ್ಧ ಬಂದೇಬಿಟ್ಟಿತು ಎನ್ನಿಸಿತು. ಆ ತಿಂಗಳ ಕೊನೆಗೆ ಅಮೆರಿಕ ಸರ್ಕಾರವು ಭಾರತವನ್ನು ತೊರೆಯುವಂತೆ ತನ್ನ ಪ್ರಜೆಗಳಿಗೆ ಸಲಹೆ ನೀಡಿತು.

ಜಮ್ಮುವಿನಿಂದ ಬೆಂಗಳೂರು 2,000 ಕಿಲೋಮೀಟರಿಗೂ ದೂರ. ಆದರೂ ಇಲ್ಲಿನ ಉದ್ಯಮದ ಮೇಲಿದ್ದ ನಂಬಿಕೆಗೆ ಪೆಟ್ಟು ಬಿತ್ತು. ಅಮೆರಿಕದ ಎಷ್ಟೋ ಸಂಸ್ಥೆಗಳ ದಿನನಿತ್ಯದ ವ್ಯವಹಾರ ಇಲ್ಲಿನ ಕೆಲಸವನ್ನು ಅವಲಂಬಿಸಿತ್ತು. ಭಾರತಕ್ಕೆ ಬದಲಿಯನ್ನು ಹುಡುಕುತ್ತಿದ್ದೇನೆಂದು ದೊಡ್ಡ ಗಿರಾಕಿ ಸಂಸ್ಥೆಯೊಂದರ ಅಧಿಕಾರಿ ವಿಪ್ರೊದ ವಿವೇಕ್ ಪಾಲ್ ಅವರಿಗೆ ಇ-ಮೇಲ್ ಬರೆದರು. ಪಾಲ್ ಅದನ್ನು ವಾಷಿಂಗ್ಟನ್ನಿನ ಭಾರತೀಯ ರಾಯಭಾರಿಗೆ ಕಳುಹಿಸಿದರೆಂದು ಪತ್ರಕರ್ತ ಥಾಮಸ್ ಫ್ರೀಡ್‌ಮನ್ ದಾಖಲಿಸಿದ್ದಾರೆ.

ಯುದ್ಧವಾಗದೆಂದು ಗಿರಾಕಿಗೆ ಮಾತು ಕೊಡುವ ಅಧಿಕಾರ ಯಾವ ಕಂಪನಿಗೂ ಇರಲಿಲ್ಲ. ಅದು ದೆಹಲಿ, ಇಸ್ಲಾಮಾಬಾದುಗಳ ಕೈಯಲ್ಲಿತ್ತು. ಕಂಪನಿಗಳ ಕೈಯಲ್ಲಿದ್ದದ್ದು ಎರಡೇ. ಏನೇ ಆದರೂ ಕೆಲಸ ನಿಲ್ಲದಂತೆ ಏರ್ಪಾಡು ಮಾಡಿ ಗಿರಾಕಿಗೆ ತೋರಿಸುವುದು ಒಂದು. ಗಿರಾಕಿಯ ಆತಂಕವನ್ನು ಮುಚ್ಚುಮರೆಯಿಲ್ಲದೆ ಸರ್ಕಾರಕ್ಕೆ ತಿಳಿಸುವುದು ಇನ್ನೊಂದು. ಇನ್ಫೋಸಿಸ್ ಮುಂದೆ ಮಾರಿಷಸ್ ದ್ವೀಪದಲ್ಲಿ ಆಪತ್ಕಾಲಕ್ಕೆಂದೇ ಕೇಂದ್ರವೊಂದನ್ನು ತೆರೆಯಿತು. ಬರಿಯ ಬಾಯಿಮಾತಿನ ಭರವಸೆಗಿಂತ ಇಂಥ ಏರ್ಪಾಡಿಗೇ ಬೆಲೆ ಹೆಚ್ಚು.

ಯುದ್ಧ ತಪ್ಪಿದ ಶ್ರೇಯಸ್ಸಿನ ದೊಡ್ಡ ಪಾಲನ್ನು ಫ್ರೀಡ್‌ಮನ್ ಉದ್ಯಮಗಳಿಗೇ ಕೊಟ್ಟರು. ನಾನು ಅಷ್ಟು ದೂರ ಹೋಗಲಾರೆ. ಎರಡೂ ದೇಶಗಳ ಬಳಿ ಅಣ್ವಸ್ತ್ರಗಳಿದ್ದವು. ಜೂನ್ ತಿಂಗಳಲ್ಲಿ ಅಮೆರಿಕದ ರಿಚರ್ಡ್ ಆರ್ಮಿಟೇಜ್ ಎರಡೂ ರಾಜಧಾನಿಗಳಿಗೆ ಸಂಧಾನಕ್ಕಾಗಿ ಬಂದುಹೋದರು. ಗಡಿಯಿಂದ ಸೈನ್ಯವನ್ನು ಹಿಂತೆಗೆಯುವ ನಿರ್ಧಾರವನ್ನು ಭಾರತ ಪ್ರಕಟಿಸಿದ್ದು ಅಕ್ಟೋಬರ್ 16ರಂದು. ಒಂದು ಪರಿಣಾಮಕ್ಕೆ ಒಂದೇ ಕಾರಣ ಬರೆದ ಉತ್ತರಕ್ಕೆ ನಾನು ಪೂರ್ಣಾಂಕ ಕೊಟ್ಟವನಲ್ಲವೆಂದು ನಿಮಗೆ ನೆನಪಿರಬಹುದು.

ಆದರೆ ಬೆಂಗಳೂರಿನ ಹೆಸರು ಉಳಿದದ್ದರಲ್ಲಿ, ಆ ಆತಂಕದ ನಡುವೆಯೂ ಹೇಳಿದ ದಿನಕ್ಕೆ ಕೆಲಸ ಒಪ್ಪಿಸಿದ ನಿಮ್ಮಂಥವರ ಪಾಲು ಖಂಡಿತವಾಗಿಯೂ ಇದೆ. ಆ ದಿನಗಳ ಅನುಭವವನ್ನು ಬರೆದು ತಿಳಿಸಿ. ಚರಿತ್ರೆಗೆ ಅದೂ ಬೇಕು.