ಟಾಸ್ಕಿನಿಂದ ಫೋಲ್ಡರಿಗೆ ಒಂದು ಕೊಂಡಿ

ಮಾಡಬೇಕಾದ ಕೆಲಸದ ಪಟ್ಟಿ ಒಂದು ಕಡೆ, ಅದಕ್ಕೆ ಸಂಬಂಧಿಸಿದ ಈಮೇಲುಗಳು ಇನ್ನೊಂದು ಕಡೆ. 1997ರಲ್ಲಿ ಬಂದ ಔಟ್‌ಲುಕ್ 97 ಇವೆರಡನ್ನೂ ಒಂದೇ ಸೂರಿನಡಿ ಇಟ್ಟಿತು. ಆದರೆ ಕೋಣೆಗಳ ನಡುವೆ ಬಾಗಿಲು? ಮುಂದೆ ಬಂದ 'ಲಿಂಕ್ಸ್' ಸೌಲಭ್ಯವೂ ಟಾಸ್ಕನ್ನು ಜೋಡಿಸಿದ್ದು ಕಾಂಟ್ಯಾಕ್ಟ್‌ಗಳಿಗೆ ಮಾತ್ರ, ಫೋಲ್ಡರಿಗಲ್ಲ.

ಹಾಗಾಗಿ ಪ್ರೋಗ್ರಾಮರುಗಳು ಕಿಟಕಿಯಿಂದ ನುಗ್ಗಿದರು! ಪ್ರತಿ ಫೋಲ್ಡರಿಗೂ 'ಎಂಟ್ರಿ ಐಡಿ' ಎಂಬ ಮಾರುದ್ದದ ಗುರುತು ಇರುತ್ತದೆ. ಪ್ರೋಗ್ರಾಮಿನಿಂದ ಅದನ್ನು ಓದಿ, ಮುಂದೆ 'ಔಟ್‌ಲುಕ್' ಎಂಬ ಪದವನ್ನೂ ಕೋಲನ್ ಚಿಹ್ನೆಯನ್ನೂ ಸೇರಿಸಿ ಟಾಸ್ಕಿನೊಳಗೆ ಬರೆದರೆ ಕೊಂಡಿ ಸಿದ್ಧ. ಕ್ಲಿಕ್ಕಿಸಿದರೆ ಫೋಲ್ಡರ್ ಹಾಜರ್. ಈ ಸುಖ ಬಹಳ ದಿನ ಉಳಿಯಲಿಲ್ಲ. ಔಟ್‌ಲುಕ್ 2007 ಈ ಬಗೆಯ ವಿಳಾಸವನ್ನು ವಿಂಡೋಸಿನಲ್ಲಿ ನೋಂದಾಯಿಸುವುದನ್ನೇ ಬಿಟ್ಟಿತು. ಬೇಕಾದವರು ರಿಜಿಸ್ಟ್ರಿಯಲ್ಲಿ ಕೈಯಾರೆ ಸೇರಿಸಿಕೊಳ್ಳಬೇಕಾಯಿತು.

ಇನ್ನೊಂದು ದಾರಿಯೂ ಇತ್ತು. 1997ರಲ್ಲೇ ಆರ್‌ಎಫ್‌ಸಿ 2192 ಐಮ್ಯಾಪ್ ಫೋಲ್ಡರುಗಳಿಗೆ ವಿಳಾಸ ಬರೆಯುವ ಕ್ರಮ ಹೇಳಿತ್ತು: ಸರ್ವರಿನ ಹೆಸರು, ನಂತರ ಫೋಲ್ಡರಿನ ಹೆಸರು. ಓದಲು ಸುಲಭ, ಆದರೆ ಫೋಲ್ಡರಿನ ಹೆಸರು ಬದಲಿಸಿದರೆ ಕೊಂಡಿ ಕಳಚಿತು. ಎಂಟ್ರಿ ಐಡಿ ಹೆಸರು ಬದಲಾದರೆ ಜಗ್ಗುವುದಿಲ್ಲ. ಫೋಲ್ಡರನ್ನು ಬೇರೆ ಪಿಎಸ್‌ಟಿ ಕಡತಕ್ಕೆ ಸಾಗಿಸಿದರೆ ಮಾತ್ರ ಹೊಸ ಐಡಿ ಬರುತ್ತದೆ, ಹಳೆಯದು ಅನಾಥ. ಹೆಸರನ್ನು ನಂಬಿದವರಿಗೆ ಒಂದು ಪೆಟ್ಟು, ಗುರುತನ್ನು ನಂಬಿದವರಿಗೆ ಇನ್ನೊಂದು.

ಈಗಿನ ಹೊಸ ಔಟ್‌ಲುಕ್ಕಿನಲ್ಲಿ ವಿಬಿಎ ನಡೆಯುವುದೇ ಇಲ್ಲ. ಅಂದು ಬರೆದ ಸಾಲುಗಳೆಲ್ಲ ಅಲ್ಲಿ ಮೂಕ. ಅದಕ್ಕೇ ಹೇಳುವುದು, ಕೊಂಡಿಯ ಪಕ್ಕದಲ್ಲಿ ಫೋಲ್ಡರಿನ ಹೆಸರನ್ನೂ ಅಚ್ಚಗನ್ನಡದಲ್ಲೇ ಬರೆದಿಡಿ. ಯಂತ್ರ ಮರೆತರೂ ನೀವು ಓದಿಕೊಳ್ಳಬಹುದು...